ಹಣಮಮ್ಮನ ಐದನೆಯ ನಾಮಪತ್ರ

ನಾಮಪತ್ರ ವಾಪಸ್ ಪಡೆಯಲು ಅಂದು ಕೊನೆಯ ದಿನ. ಮಧ್ಯಾಹ್ನ ಮೂರರವರೆಗೆ ಸಮಯವಿತ್ತು. ಬೆಳಿಗ್ಗೆ ಹತ್ತೂವರೆಗೇ ಪಂಪಾಪತಿ ಗಬ್ಬೂರಿನಲ್ಲಿ ಶಾಸಕರ ಮನೆಯ ಪಡಸಾಲೆಯಲ್ಲಿ ಒಂದು ಹಾಳೆ, ಎರಡು ಪೆನ್ನು ಹಿಡಿದು ಕೂತಿದ್ದ. ಮೊದಲನೆಯದು ಕೈಕೊಟ್ಟರೆ ಇರಲಿ ಎಂದು ಎರಡನೆಯ ಪೆನ್ನು. ಹತ್ತೊಂಬತ್ತು ವರ್ಷ ಒಬ್ಬ ರಾಜಕಾರಣಿಯ ಪಿ.ಎ. ಆಗಿದ್ದವನು ಯಾವುದನ್ನೂ ಒಂದೇ ಒಂದು ಇಟ್ಟುಕೊಳ್ಳುವುದಿಲ್ಲ.

ಡಮ್ಮಿ ನಾಮಪತ್ರವೂ ಅಂಥದ್ದೇ ಎರಡನೆಯ ಪೆನ್ನು. ಅಭ್ಯರ್ಥಿಯ ಅರ್ಜಿಯಲ್ಲಿ ಎಲ್ಲೋ ಒಂದು ಸಹಿ ಬಿಟ್ಟುಹೋಗಿ, ಪರಿಶೀಲನೆಯಲ್ಲಿ ಅದು ತಿರಸ್ಕಾರವಾದರೆ ಮನೆಯವರೇ ಇನ್ನೊಬ್ಬರು ಕಣದಲ್ಲಿರಲಿ ಎಂದು ಹೆಂಡತಿಯ ಹೆಸರಿನಲ್ಲೂ ಒಂದು ಅರ್ಜಿ ಹಾಕಿಸುತ್ತಾರೆ. ದೇವದುರ್ಗದಿಂದ ಮಾನ್ವಿಯವರೆಗೆ ಎಲ್ಲ ಪಕ್ಷದವರ ರೂಢಿ ಇದು. ಗಂಡನ ಅರ್ಜಿ ಪಾಸಾಯಿತೆಂದರೆ ಹೆಂಡತಿ ತನ್ನದನ್ನು ವಾಪಸ್ ತೆಗೆಯುತ್ತಾಳೆ. ಶಾಸಕ ಗದ್ದೆಪ್ಪನವರ ಹೆಂಡತಿ ಹಣಮಮ್ಮ ನಾಲ್ಕು ಚುನಾವಣೆಗಳಲ್ಲಿ ನಾಲ್ಕು ಸಲ ಹಾಕಿ ನಾಲ್ಕು ಸಲವೂ ತೆಗೆದಿದ್ದರು. ಹಾಕುವುದೂ ತೆಗೆಯುವುದೂ ಪಂಪಾಪತಿ ತೋರಿಸಿದ ಜಾಗದಲ್ಲಿ ಸಹಿ ಮಾಡುವಷ್ಟೇ ಕೆಲಸ.

ಐದನೆಯ ಸಲ ಅವರು ಸಹಿ ಮಾಡಲಿಲ್ಲ.

“ಅವ್ವಾರ, ಹನ್ನೊಂದು ಆಗಾಕ ಬಂತ್ರಿ,” ಎಂದ ಪಂಪಾಪತಿ.

“ಆಗ್ಲಿ ಬಿಡು. ಹನ್ನೊಂದಾದ ಮ್ಯಾಲ ಹನ್ನೆರಡು ಆಗ್ತದ,” ಎಂದರು ಹಣಮಮ್ಮ. ಅವರು ಮೊರದ ಮುಂದೆ ಕೂತು ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಎರಡು ಅವಧಿ ಶಾಸಕರ ಹೆಂಡತಿಯಾಗಿದ್ದರೂ ಆ ಕೆಲಸವನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟಿರಲಿಲ್ಲ. ರಾಯಚೂರಿನ ಮನೆಯಲ್ಲಿ ಇರುವುದು ಗದ್ದೆಪ್ಪನವರ ಸಂದರ್ಶಕರು, ಗಬ್ಬೂರಿನ ಮನೆಯಲ್ಲಿ ಇರುವುದು ತಾನು ಎಂದು ಅವರು ಎಂದೋ ಹಂಚಿಕೊಂಡುಬಿಟ್ಟಿದ್ದರು.

ಪಂಪಾಪತಿಗೆ ಹೆದರಿಕೆ ಹುಟ್ಟಿಸಿದ್ದು ಅವರ ಹಟವಲ್ಲ, ಅರ್ಜಿಯಲ್ಲಿದ್ದ ಒಂದು ಸಾಲು. ಪಕ್ಷೇತರರು ತಮಗೆ ಬೇಕಾದ ಮೂರು ಗುರುತುಗಳನ್ನು ಅರ್ಜಿಯಲ್ಲಿ ಬರೆಯಬೇಕು. ಹಿಂದಿನ ನಾಲ್ಕೂ ಸಲ ಪಂಪಾಪತಿ ಬಾಯಿಗೆ ಬಂದದ್ದು ಬರೆದಿದ್ದ: ಬಕೆಟ್, ಬ್ಯಾಟು, ಬಾಳೆಹಣ್ಣು. ಹೇಗೂ ವಾಪಸ್ ತೆಗೆಯುವುದಲ್ಲವೆ. ಈ ಸಲ ಸುಮ್ಮನೆ ಮಾತಿಗೆಂದು “ಯಾವ ಗುರ್ತು ಬರೀಲ್ರಿ?” ಎಂದು ಕೇಳಿದ್ದ. ಹಣಮಮ್ಮ “ಹೊಲಿಗಿ ಮಿಷನ್ ಬರಿ” ಎಂದಿದ್ದರು. ಬರೆದುಬಿಟ್ಟಿದ್ದ.

ದೇವದುರ್ಗ ಕ್ಷೇತ್ರದಲ್ಲಿ ಹೊಲಿಗೆ ಯಂತ್ರವೆಂದರೆ ಬರೀ ಚಿತ್ರವಲ್ಲ. ಗದ್ದೆಪ್ಪ ಮೊದಲ ಸಲ ಪಕ್ಷೇತರನಾಗಿ ಗೆದ್ದಿದ್ದು ಆ ಗುರುತಿನ ಮೇಲೆ. ಆಗ ರಟ್ಟಿನ ಮತಯಂತ್ರ ಮಾಡಿಸಿ, ಅದಕ್ಕೆ ಬ್ಯಾಟರಿ ಹಾಕಿಸಿ, ಮನೆಮನೆಗೆ ಹೊತ್ತು ತಿರುಗಿ, “ಬೆರಳು ಇಲ್ಲಿಡ್ರಿ, ಮಿಷನ್ ಮ್ಯಾಲ, ಪೀಂ ಅನ್ನೋತನಕ” ಎಂದು ಮೂರು ವಾರ ಪಾಠ ಹೇಳಿದ್ದ. ಊರೂರಿನ ಗೋಡೆಗಳಿಗೆ ಒಳ್ಳೆಯ ಎಣ್ಣೆ ಬಣ್ಣದಲ್ಲಿ ಮಿಷನ್ ಬರೆಸಿದ್ದ. ಬಣ್ಣ ಎಷ್ಟು ಒಳ್ಳೆಯದಿತ್ತೆಂದರೆ ಐದು ವರ್ಷವಾದರೂ ಹೋಗಲಿಲ್ಲ. ಪಾಠವೂ ಹೋಗಲಿಲ್ಲ. ಮುಂದಿನ ಚುನಾವಣೆಗೆ ಗದ್ದೆಪ್ಪ ದೊಡ್ಡ ಪಕ್ಷ ಸೇರಿ ಬೇರೆ ಗುರುತಿನ ಮೇಲೆ ನಿಂತ. ಮಿಷನ್ ಯಾರೋ ಊರು ಕೇರಿ ಗೊತ್ತಿಲ್ಲದ ಪಕ್ಷೇತರನಿಗೆ ಹೋಯಿತು. ಅವನು ಪ್ರಚಾರಕ್ಕೆ ಒಂದು ದಿನವೂ ಬರಲಿಲ್ಲ. ಅವನಿಗೆ 11,306 ಮತ ಬಂದವು. ಗದ್ದೆಪ್ಪ 1,914 ಮತಗಳಿಂದ ಸೋತ.

“ಪಂಪಣ್ಣ,” ಹಣಮಮ್ಮ ಕೇಳಿದರು, “ನೀ ಎಲ್ಲಾ ಬರಕೊಂಡಿಟ್ಟಿರ್ತಿ. ನಿಮ್ ಸಾಹೇಬ್ರದು ಒಮ್ಮಿ ಹೇಳು. ಎಷ್ಟು ಸಲ ನಿಂತಾರ, ಎಷ್ಟು ಸಲ ಬಿದ್ದಾರ?”

“ಈಗ್ಯಾಕ್ರಿ ಅವ್ವಾರ ಅದೆಲ್ಲ?”

“ಮೆಣಸಿನಕಾಯಿ ಮುಗಿಯೋತನಕ ಕೇಳ್ತೀನಿ, ಹೇಳು.”

ಬರೆದುಕೊಂಡಿದ್ದನ್ನು ನೋಡುವ ಅಗತ್ಯ ಅವನಿಗಿರಲಿಲ್ಲ. “ಮೊದಲನೇದು ದೇವದುರ್ಗ, ಪಕ್ಷೇತರ. 2,318 ಲೀಡಿನಾಗ ಗೆದ್ವಿ. ಎರಡನೇದು ದೇವದುರ್ಗ, ಸೋತ್ವಿ. ಮೂರನೇದು ಮಾನ್ವಿ, ಪಕ್ಷ ಬ್ಯಾರೆ. ಹೊರಗಿನವ ಅಂದ್ರು. ಡೆಪಾಜಿಟ್ ಹೋತು. ನಾಲ್ಕನೇದು ಮಾನ್ವಿ, ಪಕ್ಷ ಮತ್ತ ಬ್ಯಾರೆ. 806ರಾಗ ಗೆದ್ವಿ.”

“ನೀನೂ ನಿಂತಿದ್ದೇನು? ಗೆದ್ವಿ, ಸೋತ್ವಿ ಅಂತಿ.”

“ಬಾಯಿಗೆ ಬಂದುಬಿಟ್ಟದ್ರಿ.”

“ಮತ್ತ ಕೆಲಸ? ಅದನ್ನೂ ಹೇಳು.”

ಪಂಪಾಪತಿ ಗಂಟಲು ಸರಿಮಾಡಿಕೊಂಡ. ಅವನು ಸುಳ್ಳು ಹೇಳುವವನಲ್ಲ. ಹೇಳಬೇಕಾದದ್ದನ್ನು ಕರಪತ್ರದಲ್ಲಿ ಬೇರೆ ಕ್ರಮದಲ್ಲಿ ಜೋಡಿಸುತ್ತಿದ್ದ, ಅಷ್ಟೆ. “ಬೋರ್‌ವೆಲ್ ನೂರಾ ನಾಲ್ಕು. ನೀರು ಬಂದದ್ದು ಅರವತ್ತೇಳಕ್ಕ. ಗಬ್ಬೂರಾಗ ಬಸ್ ಸ್ಟ್ಯಾಂಡಿನ ಶೆಡ್ಡು. ಸದನದಾಗ ಪ್ರಶ್ನೆ ಒಂದು ಕೇಳಿದ್ರು.”

“ಏನಂತ ಉತ್ತರ ಬಂತು?”

“ಉತ್ತರ ಕೊಡೋ ದಿನ ಸಾಹೇಬ್ರು ಇಲ್ಲೇ ಒಂದು ಲಗ್ನದಾಗ ಇದ್ರು.”

ಹಣಮಮ್ಮ ತೊಟ್ಟು ಮುರಿಯುವುದನ್ನು ನಿಲ್ಲಿಸಿದರು. “ಆತು. ಈಗ ನಂದು ಹೇಳ್ತೀನಿ ಕೇಳು. ನಾಲ್ಕು ಸಲ ಹಾಕ್ದೆ, ನಾಲ್ಕು ಸಲ ತೆಗೆದೆ. ಹಾಕು ಅಂತ ಆ ಮನುಷ್ಯ ಒಂದು ದಿನ ಕೇಳಿಲ್ಲ. ತೆಗಿ ಅಂತ ಕೇಳಿಲ್ಲ. ನಿನ್ನ ಕಳಸ್ತಾನ, ಪೆನ್ನು ಕೊಟ್ಟು. ಈ ಸಲ ತಾನ ಬರ್ಲಿ. ಬಂದು ಬಾಯಿಬಿಟ್ಟು ಕೇಳ್ಲಿ. ಕೇಳಿದ್ರ ಸಹಿ ಮಾಡ್ತೀನಿ, ಇಲ್ಲಾಂದ್ರ ಇಲ್ಲ.”

ಪಂಪಾಪತಿ ಅಂಗಳಕ್ಕೆ ಹೋಗಿ ಫೋನು ಹಚ್ಚಿದ. ಗದ್ದೆಪ್ಪ ದೇವದುರ್ಗದ ಪಕ್ಷದ ಕಚೇರಿಯಲ್ಲಿದ್ದ. ಮಾನ್ವಿಯ ಹಾಲಿ ಶಾಸಕನಾಗಿದ್ದರೂ ಈ ಸಲ ಅಲ್ಲಿ ಟಿಕೆಟ್ ಇನ್ನೊಬ್ಬರಿಗೆ ಹೋಗಿ, ಅವನನ್ನು ಮತ್ತೆ ದೇವದುರ್ಗಕ್ಕೆ ಅಟ್ಟಿದ್ದರು. ಪಕ್ಷದ ಗುರುತು ಛತ್ರಿ. ಇಲ್ಲಿ ಸೋತರೆ ಮುಂದೆ ಯಾವ ಪಕ್ಷವೂ ಕರೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಪಂಪಾಪತಿಗೂ ಗೊತ್ತಿತ್ತು. ಅರವತ್ತೊಂದು ವರ್ಷಕ್ಕೆ ಇನ್ನೊಂದು ಸೋಲನ್ನು ಹೊತ್ತುಕೊಂಡು ಯಾರ ಬಾಗಿಲಿಗೂ ಹೋಗುವಂತಿರಲಿಲ್ಲ.

“ಲೇ ಪಂಪ್ಯಾ, ಸಹಿ ಆತೇನು?”

“ಇಲ್ರಿ ಸಾಹೇಬ್ರ. ನೀವ ಬಂದು ಕೇಳ್ಬೇಕಂತಾರ ಅವ್ವಾರು.”

“ಏನ್ ಕೇಳ್ಬೇಕಂತ?”

“ಅದನ್ನೂ ನೀವ ಬಂದು ಕೇಳ್ಬೇಕಂತ್ರಿ.”

“ಹುಚ್ಚು ಗಿಚ್ಚು ಹಿಡದದೇನು ಆಕಿಗೆ? ಹೆಂಡ್ತಿ ಮುಂದ ಕೈ ಮುಗಿದು ನಿಂದ್ರಲೇನು ನಾ?”

ಫೋನಿನ ಧ್ವನಿ ಪಡಸಾಲೆಗೂ ಕೇಳುವಷ್ಟು ದೊಡ್ಡದಿತ್ತು. ಒಳಗಿಂದ ಹಣಮಮ್ಮ ಎಂದರು: “ಊರ ಮಂದಿ ಹೆಂಡ್ರ ಮುಂದೆಲ್ಲ ಕೈ ಮುಗೀತಾರಲ್ಲ, ಅಲ್ಲಿ ಕೈ ನೋಯಂಗಿಲ್ಲೇನು ಅಂತ ಕೇಳು.”

ಪಂಪಾಪತಿ ಅದನ್ನು ದಾಟಿಸಲಿಲ್ಲ. ಬದಲಿಗೆ ಮಿಷನ್ನಿನ ವಿಷಯ ಹೇಳಿದ. ಗದ್ದೆಪ್ಪ ಇಪ್ಪತ್ತು ನಿಮಿಷದಲ್ಲಿ ಬರುತ್ತೇನೆ ಎಂದ. ರಾಜಕಾರಣಿಯ ಇಪ್ಪತ್ತು ನಿಮಿಷ ಎಷ್ಟೆಂದು ಗೊತ್ತಿದ್ದ ಪಂಪಾಪತಿ ಊಟ ಮಾಡಿ ಮುಗಿಸಿದ.

ಹನ್ನೆರಡು ಐವತ್ತಕ್ಕೆ ಮೂರು ಗಾಡಿಗಳು ಬಂದು ನಿಂತವು. ಗದ್ದೆಪ್ಪ ಕೊರಳಲ್ಲಿ ಛತ್ರಿ ಚಿತ್ರದ ಶಾಲು ಹಾಕಿಕೊಂಡೇ ಒಳಗೆ ಬಂದ. ಅವನ ಹಿಂದೆ ಬಂದ ಐದಾರು ಜನರನ್ನು ಹಣಮಮ್ಮ ಕಣ್ಣಲ್ಲೇ ಕಟ್ಟೆಯಾಚೆ ಕಳಿಸಿದರು. ಪಂಪಾಪತಿಯನ್ನು ಮಾತ್ರ ಕಳಿಸಲಿಲ್ಲ.

ಗದ್ದೆಪ್ಪ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ರೂಢಿಯಂತೆ ಮುಗಿದ. “ಈ ಕ್ಷೇತ್ರದ ಸರ್ವತೋಮುಖ ಅಭಿವೃದ್ಧಿಯ ದೃಷ್ಟಿಯಿಂದ…”

“ಇಲ್ಲಿ ಮೈಕ್ ಇಲ್ಲ,” ಎಂದರು ಹಣಮಮ್ಮ.

ಗದ್ದೆಪ್ಪ ಶಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡು ಮೊರದ ಆಚೆಗೆ ಕೂತ. “ಹಣಮಿ, ನಾಮಪತ್ರ ವಾಪಸ್ ತೆಗಿ.”

“ತೆಗಿತೀನಿ. ಮತ್ತ?”

“ಮತ್ತೇನು?”

“ಅಷ್ಟಾ?”

ಗದ್ದೆಪ್ಪ ಪಂಪಾಪತಿಯ ಕಡೆ ನೋಡಿದ. ಭಾಷಣದ ನಡುವೆ ಹೆಸರು ಮರೆತಾಗ ನೋಡುವ ನೋಟ ಅದು. ಪಂಪಾಪತಿ ತೋರುಬೆರಳನ್ನು ತೊಡೆಯ ಮೇಲೆ ಒತ್ತಿ ತೋರಿಸಿದ.

“ಹಾಂ,” ಎಂದ ಗದ್ದೆಪ್ಪ. “ನಿನ್ನ ವೋಟು ನನಗ ಹಾಕು.”

“ಮೊದಲನೇ ಸಲ ಕೇಳಿದ್ರಿ.”

“ಹೆಂಡ್ತಿ ವೋಟು ಕೇಳೋದೇನದ? ಅದು ಇರೂದೇ.”

“ಎಲ್ಲಿರ್ತದ? ಎರಡನೇ ಸಲ ನಿಂತಿದ್ರಲ್ಲ, ಆವತ್ತು ನಾ ಮಿಷನ್‌ಗೇ ಒತ್ತಿದ್ದು.”

ಪಂಪಾಪತಿಯ ತಲೆಯೊಳಗೆ 11,306ರಲ್ಲಿ ಒಂದು ಮತದ ಮನೆವಿಳಾಸ ಸಿಕ್ಕಿತು.

“ಯಾಕ?” ಎಂದ ಗದ್ದೆಪ್ಪ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಕೇಳಿದ್ದ.

“ಯಾಕಂದ್ರ? ಆ ರಟ್ಟಿನ ಡಬ್ಬಿ ಮ್ಯಾಲ ಮೊದಲು ನನ್ನ ಬೆರಳ ಇಡಿಸಿ ಪರೀಕ್ಷಾ ಮಾಡಿದ್ರಿ. ಮಿಷನ್ ಅಂದ್ರ ನೀವ ಅಂತ ತಿಳಕೊಂಡಿದ್ದೆ. ಗುರ್ತು ಬದಲಿ ಆಗೇದ ಅಂತ ಇಡೀ ತಾಲೂಕಿಗೆ ಹೇಳಿದ್ರಿ. ಮನ್ಯಾಗ ಯಾರ್ ಹೇಳಿದ್ರು?”

ಗದ್ದೆಪ್ಪ ಮೊರದಿಂದ ಒಂದು ಮೆಣಸಿನಕಾಯಿ ತೆಗೆದುಕೊಂಡು ಅದರ ತೊಟ್ಟು ಮುರಿದ. ಇನ್ನೊಂದು ತೆಗೆದುಕೊಂಡ. “ಈ ಸಲ ಛತ್ರಿ,” ಎಂದ ಮೆಲ್ಲಗೆ. “ಮಿಷನ್ ಅಲ್ಲ. ಹಾಕು.”

ಹಣಮಮ್ಮ ಪೆನ್ನಿಗೆ ಕೈ ಚಾಚಿದರು.

ದೇವದುರ್ಗದ ತಹಸೀಲ್ದಾರ್ ಕಚೇರಿ ತಲುಪಿದಾಗ ಎರಡು ಇಪ್ಪತ್ತು. ನೂರು ಮೀಟರ್ ದೂರದಲ್ಲೇ ಬ್ಯಾರಿಕೇಡ್ ಹಾಕಿ ಪೊಲೀಸರು ಗಾಡಿ ತಡೆದರು. ಗದ್ದೆಪ್ಪ ಅಲ್ಲಿನ ಚಹಾದ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತ. ಹೆಂಡತಿಯ ಹಿಂದೆ ಹೋಗಿ ಸಾಲಿನಲ್ಲಿ ನಿಲ್ಲುವುದು ಶಾಸಕನ ಘನತೆಗೆ ತಕ್ಕುದಲ್ಲ ಎಂದು ಅವನಿಗೆ ಅನಿಸಿತ್ತು. ಹಣಮಮ್ಮ ಮತ್ತು ಅವರ ಏಜೆಂಟನಾದ ಪಂಪಾಪತಿ ಮೊಬೈಲ್‌ಗಳನ್ನು ಬಾಗಿಲಲ್ಲೇ ಕೊಟ್ಟು ಒಳಗೆ ಹೋದರು.

ಚುನಾವಣಾ ಶಾಖೆಯಲ್ಲಿ ಮುಸರ್ರತ್ ಎಂಬ ಗುಮಾಸ್ತೆ ಇದ್ದರು. ಮೂರು ಚುನಾವಣೆಗಳಿಂದ ಪಂಪಾಪತಿಗೆ ಪರಿಚಯ. “ಬರ್ರಿ ಪಂಪಾಪತಿಯವರ. ಪ್ರತಿ ಸಲದಂಗ ವಾಪಸ್‌ದಾ?”

“ಹೌದ್ರಿ ಮೇಡಂ.” ಹಾಳೆಯನ್ನು ಮೇಜಿನ ಮೇಲಿಡುವ ಮುಂಚೆ ಅವನು ಅಭ್ಯಾಸದಂತೆ ಒಂದು ಪ್ರಶ್ನೆ ಕೇಳಿದ. “ಅವ್ವಾರು ತೆಗೆದ್ರ ಹೊಲಿಗಿ ಮಿಷನ್ ಯಾರಿಗೂ ಹೋಗಂಗಿಲ್ಲಲ್ರಿ?”

ಯಾರು ಕೇಳಿದರೂ ತೋರಿಸುವ ಪಟ್ಟಿಯೇ ಅದು. ಮುಸರ್ರತ್ ಅದನ್ನು ತಿರುಗಿಸಿ ಬೆರಳಿಟ್ಟರು. “ಹೋಗ್ತದಲ್ರಿ. ಇಲ್ನೋಡ್ರಿ, ವಿರೂಪಣ್ಣ ಅಂತ ಒಬ್ರು. ಇವರ ಮೊದಲನೇದು ಇಸ್ತ್ರಿ ಪೆಟ್ಟಿಗಿ. ಅದು ಒಂದು ಸಣ್ಣ ಪಕ್ಷದವರಿಗೆ ಹೋಗ್ತದ, ಪಕ್ಷದವರಿಗೆ ಮೊದಲು ಅಂತ ಕಾನೂನು. ಎರಡನೇದು ಮಿಷನ್. ನಿಮ್ಮವರು ಕಣದಾಗ ಇದ್ರ ಅದು ಮೊದಲ ಆಯ್ಕೆ ಮಾಡಿದ ನಿಮ್ಮವರಿಗೆ. ಇಲ್ಲಾಂದ್ರ ಅವರಿಗೆ.”

ಪಂಪಾಪತಿ ಪಟ್ಟಿಯಲ್ಲಿ ವಿರೂಪಣ್ಣನ ವಿಳಾಸ ಓದಿದ. ಕಲ್ಮಲ. ಎದುರಾಳಿ ಹನುಮಂತ್ರಾಯನ ಅಕ್ಕಿ ಮಿಲ್ಲಿನ ಲಾರಿ ಓಡಿಸುವ ವಿರೂಪಣ್ಣ ಅವನು. ಲಾರಿ ಡ್ರೈವರ್ ತನ್ನಷ್ಟಕ್ಕೆ ತಾನು ವಿಧಾನಸಭೆಗೆ ನಿಲ್ಲುವ ಸಾಧ್ಯತೆ ಇದ್ದೇ ಇತ್ತು. ಆದರೆ ಅವನ ಅರ್ಜಿಗೆ ಸಹಿ ಹಾಕಿದ ಹತ್ತು ಸೂಚಕರಲ್ಲಿ ಒಂಬತ್ತು ಮಂದಿ ಅದೇ ಮಿಲ್ಲಿನವರಾಗಿರುವ ಸಾಧ್ಯತೆ ಅಷ್ಟು ದೊಡ್ಡದಲ್ಲ.

ಗೋಡೆಯ ಗಡಿಯಾರದಲ್ಲಿ ಎರಡು ನಲವತ್ತೊಂದು. ಹಾಳೆ ಅವನ ಕೈಯಲ್ಲಿತ್ತು.

ಗದ್ದೆಪ್ಪನ ಆದೇಶ ಸ್ಪಷ್ಟವಾಗಿತ್ತು: ಕೊಟ್ಟು ಬಾ. ಅಂಕಿ ಬೇರೆ ಹೇಳುತ್ತಿತ್ತು. ಮಿಷನ್ ಗುರುತು ಪ್ರಚಾರವಿಲ್ಲದೆ, ಅಭ್ಯರ್ಥಿಯಿಲ್ಲದೆ, ತಾನೇ ಎದ್ದು ಹನ್ನೊಂದು ಸಾವಿರ ಮತ ತಂದುಕೊಂಡ ಪ್ರಾಣಿ. ಅದು ಹನುಮಂತ್ರಾಯನ ಡ್ರೈವರ್ ಕೈಗೆ ಹೋದರೆ ಅಷ್ಟೂ ಹೋದವು. ಹಣಮಮ್ಮನ ಕೈಯಲ್ಲಿದ್ದರೆ ಅವರು ಕನಿಷ್ಠ ‘ಒತ್ತಬೇಡಿ’ ಎಂದಾದರೂ ಹೇಳಬಹುದು. ಹೊರಗೆ ಹೋಗಿ ಸಾಹೇಬರಿಗೆ ಇದನ್ನು ವಿವರಿಸಿ, ಅವರು ಪಕ್ಷದ ದೊಡ್ಡವರಿಗೆ ಫೋನು ಹಚ್ಚಿ, ದೊಡ್ಡವರು ಊಟದಿಂದೆದ್ದು ಫೋನು ಎತ್ತುವಷ್ಟರಲ್ಲಿ ನಾಲ್ಕು ಗಂಟೆ.

ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ಹಣಮಮ್ಮನ ಹತ್ತಿರ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ನೀ ಏನಂತಿ?” ಎಂದರು ಅವರು.

“ಕೊಟ್ರ ಸಾಹೇಬ್ರ ಮಾತು ಉಳೀತದ್ರಿ. ಕೊಡದಿದ್ರ ಸಾಹೇಬ್ರು ಉಳೀಬಹುದು.”

“ಉಳೀಬಹುದು ಅಂತಿ. ಉಳೀತಾರ ಅನ್ನವಲ್ಲಿ.”

“ಖಾತ್ರಿ ಇಲ್ಲದ್ದು ನಾ ಹೇಳಂಗಿಲ್ರಿ ಅವ್ವಾರ.”

ಹಣಮಮ್ಮ ಹಾಳೆಗೆ ಕೈ ಚಾಚಿ, ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದೊಳಗೆ ತೂರಿಸಿದರು. ಇಬ್ಬರೂ ಗಡಿಯಾರ ನೋಡುತ್ತ ಕೂತರು. ಮೂರು ಗಂಟೆಗೆ ಚುನಾವಣಾಧಿಕಾರಿ ವಾಪಸಾತಿಯ ಅವಧಿ ಮುಗಿಯಿತೆಂದು ಸಾರಿದರು. ಮೂರೂವರೆಗೆ ಗುರುತು ಹಂಚಿದರು: ಹಣಮಮ್ಮ, ಪಕ್ಷೇತರ, ಹೊಲಿಗೆ ಯಂತ್ರ. ವಿರೂಪಣ್ಣನಿಗೆ ಮೂರನೆಯ ಆಯ್ಕೆಯಾದ ಹೂಕೋಸು ಸಿಕ್ಕಿತು.

ಗದ್ದೆಪ್ಪ ಸುದ್ದಿ ಕೇಳಿ ಕುರ್ಚಿಯಿಂದ ಎದ್ದ ರಭಸಕ್ಕೆ ಚಹಾದ ಗ್ಲಾಸು ಉರುಳಿತು. “ಪಂಪ್ಯಾ! ಹತ್ತೊಂಬತ್ತು ವರ್ಷದಾಗ ಇದ ಮೊದಲು ನೀ ನನ್ನ ಮಾತು ಮೀರಿದ್ದು.”

ಪಂಪಾಪತಿ ತಾನು ಬರೆದುಕೊಂಡು ಬಂದ ಪಟ್ಟಿ ತೋರಿಸಿದ. ವಿಳಾಸ ತೋರಿಸಿದ. ಸೂಚಕರ ಹೆಸರು ಓದಿದ. ಗದ್ದೆಪ್ಪನ ಮುಖದಿಂದ ಸಿಟ್ಟು ಇಳಿದು ಆ ಜಾಗಕ್ಕೆ ಇನ್ನೇನೂ ಬರಲಿಲ್ಲ.

“ಪೇಪರ್ನವರಿಗೆ ಏನಂತ ಹೇಳ್ಲಿ?”

“ಮನ್ಯಾಗ ಜಗಳಿಲ್ಲ ಅನ್ರಿ.”

ಹಾಗೆಂದೇ ಹೇಳಿದ. ಮರುದಿನ ರಾಯಚೂರಿನ ಪತ್ರಿಕೆಗಳೆಲ್ಲ ಅದನ್ನು ಜಗಳವೆಂದೇ ಓದಿ, ‘ಗಂಡನ ವಿರುದ್ಧ ಹೆಂಡತಿ ಕಣಕ್ಕೆ’ ಎಂದು ಬರೆದವು.

ಮರುದಿನದಿಂದ ಹಣಮಮ್ಮ ಪ್ರಚಾರಕ್ಕೆ ಹೊರಟರು. ಅವರ ಪ್ರಚಾರ ಎರಡೇ ವಾಕ್ಯದ್ದು: “ನನ್ನ ಗುರ್ತು ಹೊಲಿಗಿ ಮಿಷನ್. ಅದಕ್ಕ ಒತ್ತಬ್ಯಾಡ್ರಿ, ಛತ್ರಿಗೆ ಒತ್ರಿ.” ಪಂಪಾಪತಿ ಹೊಸದಾಗಿ ರಟ್ಟಿನ ಮತಯಂತ್ರ ಮಾಡಿಸಿ, ಅದರ ಮೇಲೆ ಎರಡೂ ಗುರುತು ಅಂಟಿಸಿ, ಮಿಷನ್ ಒತ್ತಿದರೆ ಸುಮ್ಮನಿರುವಂತೆ, ಛತ್ರಿ ಒತ್ತಿದರೆ ಪೀಂ ಎನ್ನುವಂತೆ ತಂತಿ ಕೂಡಿಸಿದ್ದ. ಹೆಂಗಸರು ಬರುವುದು, ಮಿಷನ್ ಒತ್ತುವುದು, ಸದ್ದು ಬರದಿದ್ದಕ್ಕೆ ಡಬ್ಬಿ ಕೆಟ್ಟಿದೆ ಎಂದು ಅವನಿಗೇ ಹೇಳುವುದು, ಹೀಗೆ ನಡೆಯಿತು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಹಣಮಮ್ಮ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು.

ಗಬ್ಬೂರಿನ ಅಗಸಿ ಬಾಗಿಲ ಹತ್ತಿರ ಸೂಗಮ್ಮ ಎಂಬಾಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: “ಯವ್ವಾ, ನಿನ್ನ ಗಂಡ ಕಟ್ಟಿಸಿದ ಬಸ್ ಸ್ಟ್ಯಾಂಡಿನ ಶೆಡ್ಡು ಒಂದು ಗಾಳಿಗೆ ಹಾರಿಹೋತಲ್ಲ, ಯಾಕ?”

ಪಂಪಾಪತಿ ಅಡ್ಡಬಂದ. “ಅದು ಪ್ರಕೃತಿ ವಿಕೋಪ…”

“ಗುತ್ತಿಗಿ ಮಾಡಿದವ ನನ್ನ ತಮ್ಮ,” ಎಂದರು ಹಣಮಮ್ಮ. “ಅವನಿಗೆ ಕೊಡಬ್ಯಾಡ್ರಿ, ಅವ ಚಪ್ಪರ ಹಾಕಿದ್ರೂ ಬೀಳ್ತದ ಅಂತ ಹೇಳಿದ್ದೆ. ಕೇಳ್ಲಿಲ್ಲ.”

“ಮತ್ತ ಬೋರಿನಾಗ ನೀರಿಲ್ಲ?”

“ಮೂವತ್ತೇಳರಾಗ ಇಲ್ಲ. ಪಂಪಣ್ಣಗ ಕೇಳು, ಬರಕೊಂಡಾನ.”

ಸೂಗಮ್ಮ ಸುತ್ತಲಿನ ಹೆಂಗಸರ ಕಡೆ ತಿರುಗಿದಳು. “ನೋಡ್ರೇ. ನನಗ ಒತ್ರಿ ಅಂತ ಹತ್ತು ಮಂದಿ ಬಂದುಹೋದ್ರು. ಒತ್ತಬ್ಯಾಡ ಅಂತ ಬಂದಾಕಿ ಇಕಿ ಒಬ್ಬಾಕಿ. ಹತ್ತೂ ಮಂದಿ ಸುಳ್ಳು ಹೇಳಿದ್ರು.”

“ಆಕಿ ಬ್ಯಾಡ ಅಂತಾಳಲ್ಲೇ,” ಎಂದಳು ಇನ್ನೊಬ್ಬಳು.

“ಲಗ್ನದಾಗ ನೀನೂ ಬ್ಯಾಡ ಅಂದಿದ್ದಿ. ಮಾಡ್ಲಿಲ್ಲೇನು?”

ಅಂದು ಸಂಜೆ ಪಂಪಾಪತಿ ಗದ್ದೆಪ್ಪನಿಗೆ ವರದಿ ಒಪ್ಪಿಸಿದ: ಸಭೆ ಆರು, ಜನ ಚೆನ್ನಾಗಿತ್ತು, ಅಭಿಪ್ರಾಯ ಚೆನ್ನಾಗಿಲ್ಲ. ಅವ್ವಾರನ್ನು ಮನೆಯಲ್ಲೇ ಇರಿಸುವುದು ಒಳ್ಳೆಯದೆಂದೂ ಸೇರಿಸಿದ. ಗದ್ದೆಪ್ಪ ಒಪ್ಪಲಿಲ್ಲ. ಹಣಮಿ ಮನೆಯಲ್ಲಿ ಕೂತರೆ ಗಂಡ ಹೆಂಡತಿಯನ್ನು ಕೂಡಿಹಾಕಿದ ಎಂದು ಹನುಮಂತ್ರಾಯ ಮೈಕಿನಲ್ಲಿ ಕೂಗುತ್ತಾನೆ ಎಂದ. ಅದೂ ನಿಜವೇ ಆಗಿತ್ತು. ಹಾಗಾಗಿ ಹಣಮಮ್ಮ ಹನ್ನೆರಡು ದಿನ ತಿರುಗಿದರು, ಎಪ್ಪತ್ತೊಂದು ಹಳ್ಳಿಗಳಲ್ಲಿ ತನಗೆ ಒತ್ತಬೇಡಿ ಎಂದು ಕೈಮುಗಿದರು, ಕೇಳಿದವರಿಗೆಲ್ಲ ಉತ್ತರ ಕೊಟ್ಟರು.

ಮತ ಎಣಿಕೆ ರಾಯಚೂರಿನಲ್ಲಿ. ಪಂಪಾಪತಿ ಎಣಿಕೆಯ ಹಾಲಿನ ತಂತಿ ಜಾಲರಿಯ ಈಚೆ ಕೂತು ಸುತ್ತು ಸುತ್ತಿನ ಅಂಕಿ ಬರೆದುಕೊಂಡ. ನಾಲ್ಕನೆಯ ಸುತ್ತಿಗೆ ಗಬ್ಬೂರು ಬಂತು. ಅವನು ಹೊಲಿಗೆ ಯಂತ್ರದ ಸಾಲನ್ನು ಎರಡು ಸಲ ಕೇಳಿ ಬರೆದ. ಹನ್ನೆರಡನೆಯ ಸುತ್ತಿನಿಂದ ಪಕ್ಕದ ಏಜೆಂಟರು ಅವನತ್ತ ನೋಡುವುದನ್ನು ಬಿಟ್ಟರು. ಕೊನೆಯ ಸುತ್ತು ಮುಗಿದಾಗ ಹಾಳೆ ಹೀಗಿತ್ತು: ಹನುಮಂತ್ರಾಯ 57,206. ಹಣಮಮ್ಮ 51,930. ಗದ್ದೆಪ್ಪ 51,289. ಹೂಕೋಸಿನ ವಿರೂಪಣ್ಣನಿಗೆ 388.

ಒಂದೇ ಮನೆಗೆ ಒಟ್ಟು 1,03,219 ಮತ ಬಂದಿದ್ದವು. ಜಿಲ್ಲೆಯಲ್ಲಿ ಅಂದು ಬೇರಾವ ಮನೆಗೂ ಅಷ್ಟು ಬಂದಿರಲಿಲ್ಲ. ಆ ಮನೆ ಸೋತಿತ್ತು.

ಹೊರಗೆ ಹನುಮಂತ್ರಾಯನ ಕಡೆಯವರು ಗುಲಾಲು ಎರಚುತ್ತಿದ್ದರು. ಪತ್ರಕರ್ತರು ಗೆದ್ದವನನ್ನು ಬಿಟ್ಟು ಹಣಮಮ್ಮನನ್ನು ಮುತ್ತಿಕೊಂಡರು. “ಮೇಡಂ, ಮುಂದಿನ ನಡೆ?” ಎಂದರೆ ಅವರು “ಗಾಡಿ ಎಲ್ಲಿ ನಿಂತದೋ ಅಲ್ಲಿಗೆ” ಎಂದು ನಡೆದುಬಿಟ್ಟರು.

ಗಾಡಿಯ ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ ಎರಡು ಕಿಟಕಿಗೆ ಕೂತರು. ಪಂಪಾಪತಿ ಮುಂದೆ ಚಾಲಕನ ಪಕ್ಕ. ಸಾಹೇಬರು ತನ್ನ ರಾಜೀನಾಮೆಯನ್ನು ಯಾವ ಮಾತಿನಲ್ಲಿ ಕೇಳುತ್ತಾರೋ ಎಂದು ಅವನು ಕಾಯುತ್ತಿದ್ದ. ಅಂದು ವಾಪಸಾತಿಯ ಹಾಳೆಯನ್ನು ಕೊಟ್ಟುಬಿಟ್ಟಿದ್ದರೆ? ವಿರೂಪಣ್ಣನಿಗೆ ಹನ್ನೊಂದು ಸಾವಿರ, ಉಳಿದ ನಲವತ್ತು ಸಾವಿರ ಎಲ್ಲಿಗೆ? ಛತ್ರಿಗೋ, ಹನುಮಂತ್ರಾಯನಿಗೋ? ಆ ಮತಗಳು ಹೆಂಗಸರು ಹಣಮಮ್ಮನಿಗೇ ಎಂದು ಕೊಟ್ಟವು. ಎಷ್ಟು ಸಲ ಕೂಡಿದರೂ ಉತ್ತರ ಬರಲಿಲ್ಲ.

ಗಾಡಿ ಕಲ್ಮಲ ದಾಟಿತು. ಗಬ್ಬೂರಿನ ರಸ್ತೆಗೆ ತಿರುಗಿದ ಮೇಲೆ ಗದ್ದೆಪ್ಪ ಕೆಮ್ಮಿದ.

“ಪಂಪ್ಯಾ. ಆಕಿಗೂ ನನಗೂ ಎಷ್ಟು ಫರಕು ಅಂದಿ?”

“ಆರ್ನೂರ ನಲವತ್ತೊಂದ್ರಿ.”

“ಹೆಚ್ಚಿಗಿ ಆಕಿಗೆ.”

“ಹೌದ್ರಿ.”

“ಅದರಾಗ ಒಂದು ನಂದು.”

ಪಂಪಾಪತಿ ತಿರುಗಿ ನೋಡಿದ. ಗದ್ದೆಪ್ಪ ಕಿಟಕಿಯ ಕಡೆಗೇ ಮುಖ ಮಾಡಿ ಹೇಳುತ್ತಿದ್ದ. “ಒಳಗ ಹೋದೆ. ಕೆಳಗ ಮಿಷನ್ ಕಂಡ್ತು. ಬೆರಳು ಹೋತು. ಮ್ಯಾಲ ಛತ್ರಿ ಅದ ಅಂತ ನೆನಪು ಆಗೂದ್ರಾಗ ಪೀಂ ಅಂತು. ಆ ಗಾಜಿನಾಗ ಚೀಟಿ ಕಾಣ್ತದಲ್ಲ, ಏಳು ಸೆಕೆಂಡು. ಹಣಮಮ್ಮ ಅಂತ ಬರದಿತ್ತು. ಓದ್ಕೋತ ನಿಂತೆ. ಚೀಟಿ ಕೆಳಗ ಬಿತ್ತು.”

ಚಾಲಕ ವೇಗ ಕಡಿಮೆ ಮಾಡಿದ. ಹಣಮಮ್ಮ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ಪಂಪಾಪತಿ ತಿಳಿದ. ಅವರ ಹೆಗಲು ಕುಣಿಯುತ್ತಿತ್ತು. ಸೆರಗು ಜಾರಿದಾಗ ನಗು ಹೊರಬಿತ್ತು, ದೊಡ್ಡದಾಗಿ, ಗಾಡಿ ತುಂಬ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

“ನಗಬ್ಯಾಡ,” ಎಂದ ಗದ್ದೆಪ್ಪ. “ಯಾರಿಗೂ ಹೇಳಿಲ್ಲ ನಾ. ಮತ್ತ, ನೀ ಯಾರಿಗೆ ಹಾಕ್ದಿ?”

“ಛತ್ರಿಗೆ. ನೀವು ಬಂದು ಕೇಳಿದ್ರಲ್ಲ.”

ಗದ್ದೆಪ್ಪ ಅವರನ್ನು ನೋಡಿದ. ಅವನ ಮೀಸೆಯ ಒಂದು ಕೊನೆ ಮೊದಲು ಅಲುಗಿತು, ಆಮೇಲೆ ಇನ್ನೊಂದು. ಹಣಮಮ್ಮ ಮತ್ತೆ ಶುರು ಮಾಡಿದರು. ಈಗ ಅವನೂ ಸೇರಿಕೊಂಡ.

ಸಾಹೇಬರ ಮತ ಛತ್ರಿಗೆ ಬಿದ್ದಿದ್ದರೆ ಅಂತರ 639 ಆಗುತ್ತಿತ್ತು, ಸ್ಥಾನದಲ್ಲಿ ವ್ಯತ್ಯಾಸವೇನೂ ಆಗುತ್ತಿರಲಿಲ್ಲ. ಪಂಪಾಪತಿ ಅದನ್ನು ಹೇಳಲು ಬಾಯಿ ತೆರೆದ. ಹಿಂದಿನ ಸೀಟಿನ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿ, ಗಾಳಿ ಬರಲೆಂದು ಕಿಟಕಿಯ ಗಾಜು ಇಳಿಸಿದ.